ಬಿಚ್ಚಬಾರದೆಂದು ಹೊಲಿದದ್ದು

ಏಪ್ರಿಲ್ ೯

ಅಪ್ಪ,

ಕೆಲಸಕ್ಕೆ ಸೇರಿಸಿಕೊಳ್ಳುವಾಗ ಏನು ಹೇಳಿದ್ದರು, ಈಗ ಏನು ಕೊಟ್ಟಿದ್ದಾರೆ, ಸುತ್ತಿ ಬಳಸದೆ ಬರಿ ಅಂದಿದ್ದೆ. ಬರೆಯುತ್ತೇನೆ.

ತೇಲುವ ಜಾಕೆಟ್ ಕೊಡುತ್ತೇವೆ ಅಂದಿದ್ದರು. ಕೊಟ್ಟಿಲ್ಲ. ಅದರ ಬಕಲ್ ದೋಣಿಯ ಸೀಟಿಗೆ ಗೀರು ಹಾಕುತ್ತದಂತೆ. ಕಾಲಿಗೂ ದೋಣಿಗೂ ಸೇರಿಸಿ ಕಟ್ಟುವ ಲೀಶ್ ಕೊಡುತ್ತೇವೆ ಅಂದಿದ್ದರು, ನಾವು ಅದನ್ನು ಕಾಲುಬಳ್ಳಿ ಅನ್ನುತ್ತೇವೆ. ಕೊಟ್ಟಿಲ್ಲ. ಅದು ಉಜ್ಜಿ ಹೊಸ ಬಣ್ಣದ ಹೊಳಪು ಹೋಗುತ್ತದಂತೆ. ನಮ್ಮ ಹಿಂದೆ ಒಂದು ಮೋಟಾರು ದೋಣಿ ಬರುತ್ತದೆ ಅಂದಿದ್ದರು. ಮೋಟಾರು ದೋಣಿ ಇದೆ, ಗಿರಾಕಿಗಳನ್ನು ಸುತ್ತಾಡಿಸುತ್ತದೆ. ಗಾಳಿ ಜೋರಿದ್ದರೆ ನೀರಿಗೆ ಇಳಿಸುವುದಿಲ್ಲ ಅಂದಿದ್ದರು. ಗಾಳಿ ಜೋರಿದ್ದ ದಿನವೇ ಇಳಿಸುತ್ತಾರೆ, ಅವತ್ತು ಬೇಗ ತಲುಪುತ್ತೇವಲ್ಲ. ಊದುವ ಸೀಟಿ ಕೊಡುತ್ತೇವೆ ಅಂದಿದ್ದರು. ಅದನ್ನು ಕೊಟ್ಟಿದ್ದಾರೆ. ಕೆಂಪು ಬಣ್ಣದ್ದು. ಚೆನ್ನಾಗಿದೆ.

ಬಸ್ ಡಿಪೋದಲ್ಲಿ ಸೀಟು ಹೊಲಿಯುತ್ತ ಕೂತಿರುವ ನಿನಗೆ ಸರ್ಫ್ ಸ್ಕೀ ಅಂದರೆ ಏನಂತ ಹೇಗೆ ಹೇಳಲಿ? ನಿಮ್ಮ ಬಸ್ಸಿನ ಅರ್ಧದಷ್ಟು ಉದ್ದ, ನನ್ನ ಸೊಂಟದಷ್ಟು ಅಗಲ. ಅದರೊಳಗೆ ಕೂರುವುದಿಲ್ಲ, ಮೇಲೆ ಕೂರುತ್ತೇವೆ. ಕುದುರೆಯ ಮೇಲೆ ಕೂತ ಹಾಗೆ, ಆದರೆ ಈ ಕುದುರೆ ಸೀನಿದರೂ ಬೀಳುತ್ತೇವೆ. ಕಾಲಲ್ಲಿ ಚುಕ್ಕಾಣಿ, ಕೈಯಲ್ಲಿ ಎರಡು ಕಡೆ ಎಲೆಯಿರುವ ಹುಟ್ಟು. ಕಾರ್ಖಾನೆ ಇರುವುದು ತೀರದ ಈ ತುದಿಯಲ್ಲಿ, ಮಾರುವ ಶೆಡ್ ಆ ತುದಿಯಲ್ಲಿ. ಲಾರಿಯಲ್ಲಿ ಸಾಗಿಸಿದರೆ ಗೀರು ಬೀಳುತ್ತದೆ ಅಂತ ನಮ್ಮನ್ನೇ ಹತ್ತಿಸಿ ಗಾಳಿಯ ಬೆನ್ನಿಗೆ ಬಿಡುತ್ತಾರೆ. ಇದಕ್ಕೆ 'ಸಮುದ್ರ ಪರೀಕ್ಷೆ' ಅಂತ ಹೆಸರು. ದೋಣಿಯ ಪರೀಕ್ಷೆಯಂತೆ, ನಮ್ಮದಲ್ಲವಂತೆ.

ಬಿದ್ದರೆ ಏನಾಗುತ್ತದೆ ಅಂತ ಕೇಳಿದ್ದೆ. ಏನೂ ಆಗುವುದಿಲ್ಲ ಅಪ್ಪ, ಬೀಳುವುದೂ ಕೆಲಸದ ಭಾಗವೇ. ಎದೆಯನ್ನು ಅಡ್ಡ ಹಾಕಿ, ಹೊಟ್ಟೆಯನ್ನು ಮೇಲೆಳೆದು, ಹೊರಳಿ ಕೂತರೆ ಮುಗಿಯಿತು. ಅದನ್ನು ನಿದ್ದೆಯಲ್ಲೂ ಮಾಡಬಲ್ಲೆ. ಆದರೆ ಹತ್ತಬೇಕಾದರೆ ದೋಣಿ ಪಕ್ಕದಲ್ಲಿರಬೇಕು. ಮೇಲೆ ಆಳಿಲ್ಲದ ಸ್ಕೀಯನ್ನು ಗಾಳಿ ಕಾಗದದ ಹಾಗೆ ಹಾರಿಸಿಕೊಂಡು ಹೋಗುತ್ತದೆ. ಎಂಥ ಈಜುಗಾರನಿಗೂ ಅದು ಸಿಗುವುದಿಲ್ಲ.

ಹೋದ ತಿಂಗಳು ನಮ್ಮಲ್ಲಿ ಹಳಬನಾದ ಉದ್ದಣ್ಣ ಬಿದ್ದ. ಅವನ ಬೆರಳ ತುದಿಯಿಂದ ದೋಣಿ ಜಾರಿತು. ಮೀನಿನ ದೋಣಿಯವರು ಕಂಡು ಎತ್ತುವ ಹೊತ್ತಿಗೆ ಅವನಿಗೆ ತನ್ನ ಹೆಸರು ಹೇಳಲೂ ಬರುತ್ತಿರಲಿಲ್ಲ, ಹಲ್ಲು ಅಷ್ಟು ಕಟಕಟ ಅನ್ನುತ್ತಿತ್ತು. ನಮ್ಮ ಮೇಲ್ವಿಚಾರಕ ದಡಕ್ಕೆ ಓಡಿ ಬಂದು ಮೊದಲು ಕೇಳಿದ್ದು: "ದೋಣಿಗೇನೂ ಆಗಿಲ್ಲ ತಾನೆ?" ಯಾವಾಗ ನೋಡಿದರೂ ಅಂಗೈಯಲ್ಲಿ ದೋಣಿ ಸವರುತ್ತಿರುತ್ತಾನೆ. ನಾವು ಅವನಿಗೆ ಹೊಳಪಪ್ಪ ಅಂತ ಹೆಸರಿಟ್ಟಿದ್ದೇವೆ.

ಬಿಟ್ಟು ಬಾ ಅಂತ ಬರೆಯಬೇಡ. ಅಲೆಯ ಬೆನ್ನು ಸಿಕ್ಕಿದಾಗ ಹುಟ್ಟು ಹಾಕುವುದೇ ಬೇಡ ಅಪ್ಪ, ನೀರೇ ಹೊತ್ತುಕೊಂಡು ಓಡುತ್ತದೆ. ಆ ಒಂದು ಗಳಿಗೆಗೆ ಎಲ್ಲವನ್ನೂ ಸಹಿಸಬಹುದು ಅನ್ನಿಸುತ್ತದೆ. ನಾನು ಬಿಟ್ಟರೂ ನಾಳೆ ಆ ಸೀಟಿನಲ್ಲಿ ಇನ್ನೊಬ್ಬರು ಕೂರುತ್ತಾರೆ.

ನಿನ್ನ ಕಿವಿ ಹೇಗಿದೆ? ಫೋನಿನಲ್ಲಿ ನಾನು ಕೂಗುವುದು, ನೀನು "ಹಾಂ? ಹಾಂ?" ಅನ್ನುವುದು. ಅದಕ್ಕಿಂತ ಪತ್ರವೇ ಮೇಲು.

ನಿನ್ನ ಮಗಳು

*

ಏಪ್ರಿಲ್ ೧೭

ಮಗಳೇ,

ಕೆಂಪು ಸೀಟಿ ಕೊಟ್ಟರಂತೆ! ಮುಳುಗುವವಳ ಬಾಯಲ್ಲಿ ಗಾಳಿ ಇರುತ್ತದೆಯೇ ಊದಲು? ಊದಿದರೂ ಕೇಳುವ ಮೋಟಾರು ದೋಣಿ ಎಲ್ಲಿದೆ? ಅದು ಗಿರಾಕಿಗಳ ಸೇವೆಯಲ್ಲಿದೆ. ಬೆಕ್ಕಿಗೆ ಚೆಲ್ಲಾಟ ಅಂದರೆ ಇದೇ.

ನಿನ್ನ ಪತ್ರವನ್ನು ಟೈರಿನವನಿಗೆ ಓದಿ ಹೇಳಿದೆ. ನಮ್ಮ ಡಿಪೋದಲ್ಲಿ ಟೈರು ಬಿಚ್ಚುವವನು, ನನ್ನ ಜೊತೆ ಮೂರು ಮುಷ್ಕರ ಕಂಡವನು. ಅವನು ಕೇಳಿದ, "ದೋಣಿಗೆ ಗೀರು ಬಿದ್ರೆ ಬಣ್ಣ ಬಳೀಬಹುದು. ಹುಡುಗಿಗೆ ಏನಾದ್ರೂ ಆದ್ರೆ ಏನು ಬಳೀತಾರೆ?" ಹೊಳಪಿಗೆ ಇರುವ ಮರ್ಯಾದೆ ಚರ್ಮಕ್ಕೆ ಇಲ್ಲ, ಮುಗಿಯಿತು.

ನೀವು ಎಲ್ಲರೂ ಸೇರಿ ಕೇಳಿ ಅಂತ ನೂರು ಸಲ ಹೇಳಿದ್ದೇನೆ. "ಅಪ್ಪ, ಎಲ್ಲದಕ್ಕೂ ನಿಂದು ಒಂದೇ ಔಷಧಿ" ಅಂತ ನಗುತ್ತೀ. ನಗು. ಆದರೆ ನಿನ್ನ ಪತ್ರ ಬಂದಾಗಿನಿಂದ ನನಗೆ ಒಂದು ಕೆಟ್ಟ ಚಾಳಿ ಹತ್ತಿಕೊಂಡಿದೆ. ಡಿಪೋದ ಅಂಗಳದಲ್ಲಿ ಕಸ ಹಾರಿದರೆ ಕೆಲಸ ನಿಲ್ಲಿಸಿ ನೋಡುತ್ತೇನೆ. ಯಾವ ಕಡೆಗೆ ಹಾರುತ್ತಿದೆ, ಎಷ್ಟು ಜೋರು. ಇಲ್ಲಿಯ ಗಾಳಿಗೂ ಅಲ್ಲಿಯ ಗಾಳಿಗೂ ಸಂಬಂಧವಿಲ್ಲ ಅಂತ ಗೊತ್ತು. ಆದರೂ ಕಸ ನೆಲಕ್ಕೆ ಬೀಳುವವರೆಗೆ ಸೂಜಿ ಮುಟ್ಟುವುದಿಲ್ಲ. ಸಮುದ್ರವನ್ನು ಒಮ್ಮೆಯೂ ಮುಟ್ಟದವನು ನಾನು. ಅದಕ್ಕೇ ಇರಬೇಕು, ನನ್ನ ತಲೆಯೊಳಗಿನ ಸಮುದ್ರಕ್ಕೆ ದಡವೇ ಇಲ್ಲ.

ಅವರು ಕೊಡದಿದ್ದರೆ ನಾನು ಕೊಡುತ್ತೇನೆ. ಪೊಟ್ಟಣದಲ್ಲಿ ಒಂದು ಕಾಲುಬಳ್ಳಿ ಇದೆ. ಒಳಗೆ ಬಸ್ಸಿನ ಸೀಟ್ ಬೆಲ್ಟಿನ ಪಟ್ಟಿ. ಹೊರಗೆ ಮೆತ್ತನೆಯ ಸೀಟುಬಟ್ಟೆ ಹೊದಿಸಿದ್ದೇನೆ, ಆ ಹೊಳಪಪ್ಪನ ಕೆನ್ನೆಗೆ ಉಜ್ಜಿದರೂ ಗೀರು ಬೀಳುವುದಿಲ್ಲ. ಕಾಲಿನ ಕಡೆ ಬಕಲ್ ಇದೆ, ಎಳೆದಷ್ಟೂ ಬಿಗಿಯುವ ಜಾತಿಯದು. ನಾನು ಹೊಲಿದ ಸೀಟು ಬಸ್ಸು ಮಗುಚಿದರೂ ಕಿತ್ತು ಬಂದದ್ದಿಲ್ಲ. ಇದೂ ಬರುವುದಿಲ್ಲ.

ಕಟ್ಟಿಕೋ. ಯಾರು ಬೈದರೂ ಕಟ್ಟಿಕೋ.

ಅಪ್ಪ

*

ಏಪ್ರಿಲ್ ೨೮

ಅಪ್ಪ,

ಬಳ್ಳಿ ಬಂತು. ಅಂದವಾಗಿದೆ, ಬಸ್ಸಿನ ವಾಸನೆ ಬರುತ್ತದೆ!

ದೋಣಿ ಇಳಿಸುವ ಇಳಿಜಾರಿನಲ್ಲಿ ಹೊಳಪಪ್ಪ ನಿಂತಿರುತ್ತಾನೆ, ಹಾಗಾಗಿ ಬಂಡೆಯ ತಿರುವು ದಾಟಿದ ಮೇಲೆ ಕಟ್ಟಿಕೊಂಡೆ. ಮಾರುವ ಶೆಡ್ಡಿನ ದಡದಲ್ಲಿ ಕಾವಲುಗಾರ ಒಬ್ಬನೇ, ಅವನು ಕಂಡರೂ ಕಾಣದವನ ಹಾಗೆ ಇರುತ್ತಾನೆ. ಒಂದು ವಿಷಯ ಹೇಳಲೇಬೇಕು. ಹೋದ ಸೋಮವಾರ ನಡು ನೀರಿನಲ್ಲಿ ಪಕ್ಕದಿಂದ ಬಂದ ಅಲೆಗೆ ಬಿದ್ದೆ. ಮೇಲೆ ಬಂದು ಕಣ್ಣು ಬಿಟ್ಟರೆ ದೋಣಿ ಆಗಲೇ ಎರಡು ಮಾರು ಆಚೆ. ಆಮೇಲೆ ಕಾಲು ಜಗ್ಗಿತು. ಬಳ್ಳಿ! ದೋಣಿ ಹಗ್ಗಕ್ಕೆ ಸಿಕ್ಕ ಕರುವಿನ ಹಾಗೆ ನಿಂತು ತಿರುಗಿ ನೋಡುತ್ತಿತ್ತು. ಎಳೆದುಕೊಂಡು ಹತ್ತಿದೆ. ಹತ್ತಿದ ಮೇಲೆ ಅತ್ತೆ. ಯಾರೂ ಇರಲಿಲ್ಲ, ಹಾಗಾಗಿ ನಾಚಿಕೆಯಾಗಲಿಲ್ಲ.

ಹೊಸಬಳೊಬ್ಬಳು ಸೇರಿದ್ದಾಳೆ. ಮೊದಲು ಈಜುಕೊಳದಲ್ಲಿ ಪಾಠ ಹೇಳುತ್ತಿದ್ದಳಂತೆ, ಎಲ್ಲರೂ ಟೀಚರ್ ಅನ್ನುತ್ತೇವೆ. "ನಂಗೆ ಬಳ್ಳಿಗಿಳ್ಳಿ ಯಾಕೆ? ದೋಣಿ ಓಡಿದ್ರೆ ಈಜಿ ಹಿಡೀತೀನಿ" ಅಂದಳು. ಉದ್ದಣ್ಣ ಹಲ್ಲು ಕಚ್ಚಿ ಹೇಳಿದ, "ಟೀಚರಮ್ಮ, ನಾನೂ ಹಾಗೇ ಅಂದ್ಕೊಂಡಿದ್ದೆ. ಆಮೇಲೆ ಮೀನಿನ ಜೊತೆ ಬುಟ್ಟೀಲಿ ಬಂದೆ." ಈಗ ಇಬ್ಬರೂ ನನ್ನ ಕಾಲನ್ನೇ ನೋಡುತ್ತಾರೆ. "ನಿಮ್ಮಪ್ಪಂಗೆ ಇನ್ನೆರಡು ಮಕ್ಕಳಿದ್ದಾರೆ ಅಂತ ಹೇಳೇ" ಅನ್ನುತ್ತಾನೆ ಉದ್ದಣ್ಣ.

ಬಿಚ್ಚುವುದು ಸ್ವಲ್ಪ ಕಷ್ಟ. ಒದ್ದೆಯಾದರೆ ಎರಡೂ ಕೈ ಬೇಕು. ಪರವಾಗಿಲ್ಲ, ಅಭ್ಯಾಸವಾಗುತ್ತದೆ.

ಮಗಳು

*

ಮೇ ೫

ಮಗಳೇ,

ಪತ್ರ ಓದಿ ಟೈರಿನವನಿಗೆ ಚಹಾ ಕುಡಿಸಿದೆ. ಅವನಿಗೆ ಅನುಮಾನ ಬಂತು, "ಏನಯ್ಯಾ, ಮದುವೆ ಗೊತ್ತಾಯ್ತಾ?" ಅಂದ. ಇಲ್ಲ, ಬಳ್ಳಿ ಹಿಡಿಯಿತು ಅಂದೆ.

ಬಿಚ್ಚುವುದು ಕಷ್ಟ ಅಂದಿದ್ದೀ. ಬಿಚ್ಚಬಾರದೆಂದೇ ಹೊಲಿದಿದ್ದೇನೆ. ಕಳಿಸುವ ಮೊದಲು ಒಂದು ತುದಿಯನ್ನು ಕಂಬಕ್ಕೆ ಕಟ್ಟಿ ನಾನೂ ಅವನೂ ಜೋತುಬಿದ್ದು ಎಳೆದಿದ್ದೆವು. ಕಂಬ ಅಲುಗಿತು, ಬಕಲ್ ಅಲುಗಲಿಲ್ಲ. ಅಷ್ಟು ಗಟ್ಟಿ ಇಲ್ಲದಿದ್ದರೆ ಸಮುದ್ರದ ಕೈಗೆ ಸಾಲುತ್ತದೆಯೇ?

ಇನ್ನೆರಡು ಮಕ್ಕಳಿಗೂ ಹೊಲಿಯುತ್ತಿದ್ದೇನೆ ಅಂತ ಆ ಉದ್ದನೆಯವನಿಗೆ ಹೇಳು. ಟೀಚರಿಗೂ ಹೇಳು, ಈಜು ಬೇರೆ, ಗಾಳಿ ಬೇರೆ. ನನ್ನ ಮಗಳು ಮಾತ್ರ ಕಟ್ಟಿಕೊಂಡು ಮಿಕ್ಕವರು ಹಾಗೇ ಹೋಗುವುದು ನನ್ನ ಸ್ವಭಾವಕ್ಕೆ ಒಗ್ಗುವುದಿಲ್ಲ.

ಅಂದ ಹಾಗೆ, ಬಿದ್ದದ್ದನ್ನು ಬರೆದೆಯಲ್ಲ, ಬರೆಯದೆ ಬಿಟ್ಟದ್ದು ಎಷ್ಟಿದೆ?

ಅಪ್ಪ

*

ಮೇ ೧೬

ಅಪ್ಪ,

ಚಿಕ್ಕ ಪತ್ರ. ಕಾಲು ಉಳುಕಿದೆ, ರೂಮಿನ ಮೆಟ್ಟಿಲಲ್ಲಿ ಜಾರಿದೆ. ಭಯಪಡುವಂಥದ್ದೇನೂ ಇಲ್ಲ. ಕೆಲಸಕ್ಕೆ ರಜೆ. ಕಿಟಕಿಯ ಪಕ್ಕ ಕಾಲು ನೀಡಿಕೊಂಡು ಕೂತಿದ್ದೇನೆ. ಕೆಳಗಿನ ಬಣ್ಣದಂಗಡಿಯವನು ಡಬ್ಬಗಳನ್ನು ಕುಲುಕುವ ಸದ್ದು ಇಡೀ ದಿನ.

ಇನ್ನು ಬಳ್ಳಿ ಹೊಲಿಯಬೇಡ. ಅವರಿಗೆ ಅಷ್ಟು ಇಷ್ಟವಿಲ್ಲ. ಕಾರ್ಖಾನೆಯವರೇ ಕೊಡಬಹುದು ಅಂತ ಮಾತು ನಡೆಯುತ್ತಿದೆ. ಹೊಲಿದಿದ್ದರೂ ಕಳಿಸಬೇಡ.

ನಿನ್ನ ಕಣ್ಣಿಗೂ ಶ್ರಮ. ಬೇಡ ಅಪ್ಪ.

ಮಗಳು

*

ಮೇ ೧೮

ಮಗಳೇ,

ನಿನ್ನ ಪತ್ರವಿಲ್ಲ. ಗಾಳಿ ಇಲ್ಲೂ ಜೋರಾಗಿದೆ, ಡಿಪೋದ ತಗಡು ಹಾರಿಹೋಯಿತು. ತಗಡಿನ ಸದ್ದು ನನಗೆ ಕೇಳಲಿಲ್ಲ. ಹಾರಿದ್ದು ಕಂಡಿತು, ಸದ್ದಿಲ್ಲದೆ. ಅದಕ್ಕೇ ಇನ್ನೂ ಹೆದರಿಕೆಯಾಯಿತು.

ಎರಡು ಬಳ್ಳಿ ಮುಗಿಸಿ ಮೊನ್ನೆಯೇ ಕಳಿಸಿದೆ. ನಿನ್ನ ರೂಮಿಗೆ ಕಳಿಸಿದರೆ ನೀನು ನೀರಿನಲ್ಲಿರುವಾಗ ಬಂದು ವಾಪಸು ಹೋಗಬಹುದು, ಅದಕ್ಕೆ ಕಾರ್ಖಾನೆಯ ವಿಳಾಸಕ್ಕೆ, ಉದ್ದಣ್ಣ ಅಂತ ಬರೆದು ಹಾಕಿದ್ದೇನೆ. ಆ ಹೆಸರಿಗೆ ಸಿಗುತ್ತದೆ ತಾನೆ? ಇವಕ್ಕೆ ಎರಡು ಸಾಲು ಹೊಲಿಗೆ ಹೆಚ್ಚು ಹಾಕಿದ್ದೇನೆ. ನಿನ್ನದಕ್ಕಿಂತ ಗಟ್ಟಿ.

ಒಂದು ಸಾಲಾದರೂ ಬರಿ. 'ಇದ್ದೇನೆ' ಅಂತ ಬರೆದರೂ ಸಾಕು.

ಅಪ್ಪ

*

ಮೇ ೨೪

ಅಪ್ಪ,

ಇದನ್ನು ಕೂತುಕೊಂಡು ಓದು. ಟೈರಿನವನನ್ನು ಪಕ್ಕದಲ್ಲಿ ಕೂರಿಸಿಕೋ.

ಮೆಟ್ಟಿಲಲ್ಲಿ ಜಾರಿದೆ ಅಂತ ಬರೆದದ್ದು ಸುಳ್ಳು.

ನಿನ್ನ ಬಳ್ಳಿ ನಡು ನೀರಿನಲ್ಲಿ ನನ್ನನ್ನು ಉಳಿಸಿತು, ಅದು ನಿಜ. ಆದರೆ ದಡದ ಹತ್ತಿರ ಅಲೆ ಒಡೆಯುವ ಜಾಗ ಅಂತ ಒಂದಿದೆ. ಅಲ್ಲಿ ಸಮುದ್ರ ಬೇರೆಯೇ ಪ್ರಾಣಿ. ಅಲ್ಲಿಗೆ ಬರುವ ಮೊದಲು ಬಳ್ಳಿ ಬಿಚ್ಚಿಕೊಂಡಿರಬೇಕು, ಇಲ್ಲವೆ ಒಂದೇ ಕೈಯಲ್ಲಿ ಒಂದೇ ಜಗ್ಗಿಗೆ ಬಿಚ್ಚುವಂತಿರಬೇಕು. ಅಂಗಡಿಯಲ್ಲಿ ಸಿಗುವ ಬಳ್ಳಿಗೆ ಕಾಲಿನ ಕಡೆ ಅಂಟುಪಟ್ಟಿ ಇರುತ್ತದೆ, ಪರ್ರ್ ಅಂತ ಎಳೆದರೆ ಬಿಡುತ್ತದೆ. ನಿನ್ನ ಬಕಲ್ಲಿಗೆ ಎರಡು ಕೈ ಬೇಕು. ಅಲೆಯ ನಡುವೆ ಹುಟ್ಟಿನಿಂದ ಎರಡೂ ಕೈ ತೆಗೆದರೆ ಮಗುಚುತ್ತೇನೆ. ತೆಗೆಯದಿದ್ದರೆ ಕಟ್ಟಿಕೊಂಡೇ ದಡಕ್ಕೆ ಬರಬೇಕು. ಕಟ್ಟಿಕೊಂಡೇ ಬಂದೆ.

ಅಲೆ ದೋಣಿಯನ್ನು ಅಡ್ಡ ತಿರುಗಿಸಿ ಎಸೆಯಿತು. ದೋಣಿ ಹೋದ ಕಡೆ ನನ್ನ ಕಾಲು, ಕಾಲು ಹೋದ ಕಡೆ ನಾನು. ಮರಳಿನಲ್ಲಿ ಮುಖ. ಎದ್ದೆ ಅನ್ನುವಾಗ ಇನ್ನೊಂದು ಅಲೆ, ಮತ್ತೆ ಎಳೆತ. ಬಕಲ್ಲಿಗೆ ಕೈ ಹಾಕಿದೆ. ಎಳೆದಷ್ಟೂ ಬಿಗಿಯುವ ಜಾತಿ ಅಂದಿದ್ದೆಯಲ್ಲ, ಬಿಗಿಯುತ್ತಲೇ ಹೋಯಿತು. ಕೊನೆಗೆ ದೋಣಿಯ ಕಡೆಯ ಕೊಕ್ಕೆಯೇ ಕಿತ್ತುಬಂತು. ಅದರ ಸ್ಕ್ರೂ ಸಡಿಲವಾಗಿ ಹಾಕಿದ್ದರು. ಯಾರೋ ಕೆಲಸಗಳ್ಳತನ ಮಾಡಿದ್ದರಿಂದ ನಾನು ಬದುಕಿದೆ.

ಬಂಡೆಗೆ ತಾಗಿ ಕಿತ್ತುಬಂತು ಅಂತ ಹೊಳಪಪ್ಪನಿಗೆ ಹೇಳಿದೆ. ಮರುದಿನವೇ ಅವನು ಎಲ್ಲ ದೋಣಿಗಳ ಕೊಕ್ಕೆಗೂ ಆಚೆಯಿಂದ ಈಚೆಗೆ ಬೋಲ್ಟ್ ಹಾಕಿಸಿದ.

ಯಾರಿಗೂ ಹೇಳಲಿಲ್ಲ. ನಿನಗೆ ಹೇಳಿದರೆ ನೀನು ಮತ್ತೆಂದೂ ಹೊಲಿಗೆ ಮಿಷನ್ ಮುಂದೆ ಕೂರುವುದಿಲ್ಲ ಅಂತ ಗೊತ್ತಿತ್ತು. ಉದ್ದಣ್ಣನಿಗೆ ಹೇಳಿದರೆ ನಿನ್ನ ಕೈಗೆಲಸವನ್ನು ಹಳಿದ ಹಾಗಾಗುತ್ತದೆ ಅನ್ನಿಸಿತು. ಬಳ್ಳಿಯನ್ನು ಬಣ್ಣದಂಗಡಿಯವನ ಕಸದ ಡಬ್ಬಕ್ಕೆ ಹಾಕಿ ಸುಮ್ಮನಾದೆ.

ಬುಧವಾರ ಉದ್ದಣ್ಣ ಫೋನ್ ಮಾಡಿದ. "ಅಪ್ಪಾಜಿ ಕಳ್ಸಿದ್ದು ಬಂತು ಕಣೇ! ನಂದು, ಟೀಚರ್‌ದು, ಎರಡೂ ಸೊಗಸಾಗಿವೆ. ತಿರುವು ದಾಟಿ ಕಟ್ಕೊಂಡಿದ್ದೀವಿ, ಹೊರಟ್ವಿ."

"ಬಿಚ್ಚು! ಉದ್ದಣ್ಣ, ಬಿಚ್ಚಿಬಿಡು!"

"ಏನು? ಗಾಳಿ ಕಣೇ, ಕೇಳಲ್ಲ. ಸಾಯಂಕಾಲ ಮಾಡ್ತೀನಿ."

ಮತ್ತೆ ಮಾಡಿದರೆ ಎತ್ತಲಿಲ್ಲ. ಕುಂಟಿಕೊಂಡು ಮಾರುವ ಶೆಡ್ಡಿನ ಕಡೆಯ ಬಸ್ ಹತ್ತಿದೆ. ನಿಮ್ಮ ಬಸ್ಸುಗಳು ಇಷ್ಟೊಂದು ಕಡೆ ಯಾಕೆ ನಿಲ್ಲುತ್ತವೆ ಅಪ್ಪ? ಒಬ್ಬಳು ತಾಯಿ ಮಗುವಿನ ಚಪ್ಪಲಿ ಬಿತ್ತು ಅಂತ ನಿಲ್ಲಿಸಿದಳು. ಎಲ್ಲರೂ ಬಗ್ಗಿ ಚಪ್ಪಲಿ ಹುಡುಕುತ್ತಿದ್ದರು. ಕಿಟಕಿಯಾಚೆ ಸಮುದ್ರದಲ್ಲಿ ಎರಡು ಬಿಳಿ ಗೀರು ನನಗಿಂತ ಮುಂದೆ ಓಡುತ್ತಿದ್ದವು. "ಡ್ರೈವರ್, ಬೇಗ!" ಅಂದೆ. "ಬೇಗ ಬೇಕಿದ್ರೆ ನಿನ್ನೇನೇ ಹೊರಡಬೇಕಿತ್ತು ಕಣಮ್ಮ" ಅಂದ. ಬಸ್ಸು ನಕ್ಕಿತು.

ದಡದಲ್ಲಿ ನಿಂತು ಎರಡೂ ಕೈ ಎತ್ತಿ ಕೂಗಿದೆ. ಹೊರಗೇ ನಿಲ್ಲಿ, ಅಲೆಯ ಆಚೆಯೇ ನಿಂತು ಬಿಚ್ಚಿಕೊಳ್ಳಿ ಅಂತ. ಗಾಳಿ ನನ್ನ ಮಾತನ್ನು ನನ್ನ ಬಾಯಿಗೇ ತುರುಕಿತು. ಉದ್ದಣ್ಣನಿಗೆ ನಾನು ಕಂಡೆ. ಸ್ವಾಗತಕ್ಕೆ ಬಂದಿದ್ದೇನೆ ಅಂದುಕೊಂಡು ಹುಟ್ಟೆತ್ತಿ ಬೀಸಿದ. ಅವನ ಪುಣ್ಯ, ಒಂದು ಅಲೆಯ ಬೆನ್ನು ಸಿಕ್ಕಿ ಸೀದಾ ಮರಳಿಗೆ ಬಂದು ನಿಂತ. ಟೀಚರಿಗೆ ಸಿಗಲಿಲ್ಲ. ದೋಣಿ ಅಡ್ಡವಾಯಿತು. ಅವಳು ದೋಣಿಗೂ ದಡಕ್ಕೂ ನಡುವೆ ಬಿದ್ದಳು, ಅದು ಯಾವತ್ತೂ ಬೀಳಬಾರದ ಕಡೆ. ದೋಣಿ ಅವಳ ಮೇಲೆ ಹಾದುಹೋಯಿತು, ಆಮೇಲೆ ಅವಳನ್ನು ಎಳೆದುಕೊಂಡು ಹೋಯಿತು. ಈ ಸಲ ಕೊಕ್ಕೆ ಕೀಳಲಿಲ್ಲ.

ನೀರಿಗೆ ನುಗ್ಗಿದೆವು. ಉದ್ದಣ್ಣ ದೋಣಿಯನ್ನು ಅಪ್ಪಿ ಹಿಡಿದ. ನಾನು ಅವಳ ತಲೆಯನ್ನು ನೀರಿನ ಮೇಲೆತ್ತಲು ನೋಡಿದೆ, ಪ್ರತಿ ಅಲೆಗೂ ತಲೆ ನನ್ನ ಕೈಯಿಂದ ಕಿತ್ತುಹೋಗುತ್ತಿತ್ತು. ಬಕಲ್ ಬಿಡಲಿಲ್ಲ. ಪಟ್ಟಿಯನ್ನು ಹಲ್ಲಿನಿಂದ ಕಚ್ಚಿದೆ, ಹುಚ್ಚಿಯ ಹಾಗೆ. ಕಂಡರೂ ಕಾಣದ ಆ ಕಾವಲುಗಾರ ಅವತ್ತು ಕಂಡ. ಪ್ಯಾಕಿಂಗ್ ಕೊಯ್ಯುವ ಬ್ಲೇಡ್ ಹಿಡಿದು ಎದೆಮಟ್ಟದ ನೀರಿಗೆ ಓಡಿ ಬಂದ. ನಿನ್ನ ಪಟ್ಟಿ ಎಷ್ಟು ಗಟ್ಟಿ ಅಪ್ಪ. ಕೊಯ್ದಷ್ಟೂ ಮುಗಿಯಲಿಲ್ಲ. ಅಷ್ಟೂ ಹೊತ್ತು ಅವಳು ನೀರು ಕುಡಿಯುತ್ತಿದ್ದಳು.

ಮರಳಿನ ಮೇಲೆ ಮಲಗಿಸಿದಾಗ ಅವಳ ತುಟಿ ನೀಲಿಯಾಗಿತ್ತು. ಉದ್ದಣ್ಣ ಎದೆ ಒತ್ತಿದ, ಬಾಯಿಗೆ ಗಾಳಿ ಊದಿದ, ಒತ್ತಿದ. ನಾನು ನೋಡಲಿಲ್ಲ. ಆಮೇಲೆ ಕೆಮ್ಮಿದಳು. ಅಂಥ ಕೆಟ್ಟ ಸದ್ದನ್ನು ಅಷ್ಟು ಆಸೆಯಿಂದ ನಾನು ಯಾವತ್ತೂ ಕೇಳಿಲ್ಲ.

ಆಸ್ಪತ್ರೆಯಲ್ಲಿದ್ದಾಳೆ. ಶ್ವಾಸಕೋಶದಲ್ಲಿ ನೀರು, ಮೊಣಕಾಲಿನ ಲಿಗಮೆಂಟ್ ಹರಿದಿದೆ. ನಿನ್ನೆ ಮಾತಾಡಿದಳು: "ನಿಮ್ಮಪ್ಪ ಒಳ್ಳೆ ಹೊಲಿಗೆ ಹಾಕ್ತಾರೆ ಕಣೆ." ನಗಲು ಹೋಗಿ ಕೆಮ್ಮು ಬಂದು ನರ್ಸ್ ನನ್ನನ್ನು ಹೊರಗೆ ಕಳಿಸಿದಳು.

ನಾನು ಬಾಯಿ ಬಿಟ್ಟಿದ್ದರೆ ಇದು ಆಗುತ್ತಿರಲಿಲ್ಲ. ಬೈದು ಬರಿ ಅಪ್ಪ. ಏನಾದರೂ ಬರಿ.

ಮಗಳು

*

ಮೇ ೩೧

ಪರೀಕ್ಷಾ ವಿಭಾಗದ ಹುಟ್ಟುಗಾರ್ತಿಗೆ,

ದಿನಾಂಕ ೨೧ರಂದು ನಡೆದ ಘಟನೆಯಲ್ಲಿ ಸಂಸ್ಥೆಯ ದೋಣಿಯ ಮೇಲ್ಮೈಗೆ ಹಾನಿಯಾಗಿರುವುದನ್ನು ವಿಷಾದದಿಂದ ಗಮನಿಸಲಾಗಿದೆ. ಸಂಸ್ಥೆಯು ಪೂರೈಸದ, ಸಂಸ್ಥೆಯು ನಿಷೇಧಿಸಿರುವ, ತಮ್ಮ ತಂದೆಯವರು ತಯಾರಿಸಿದ ಕಾಲುಪಟ್ಟಿಯೇ ಸದರಿ ಘಟನೆಗೆ ಏಕೈಕ ಕಾರಣವೆಂದು ಕಂಡುಬಂದಿದೆ. ಈ ಅರ್ಥದ ಹೇಳಿಕೆಯನ್ನು ಲಗತ್ತಿಸಲಾಗಿದ್ದು, ತಾವು ಸಹಿ ಮಾಡಿ ಜೂನ್ ೧೨ರ ಒಳಗೆ ಹಿಂದಿರುಗಿಸುವುದು. ತಪ್ಪಿದಲ್ಲಿ ತಮ್ಮ ಸೇವೆ ಅಗತ್ಯವಿರುವುದಿಲ್ಲ.

ಯಾವುದೇ ಬಗೆಯ ಕಾಲುಪಟ್ಟಿ ಜೀವಕ್ಕೆ ಅಪಾಯವೆಂದು ಈಗ ಸಾಬೀತಾಗಿರುವುದರಿಂದ ಅವುಗಳ ಬಳಕೆಯನ್ನು ಕಾಯಂ ಆಗಿ ನಿಷೇಧಿಸಲಾಗಿದೆ. ಸಮುದ್ರ ಪರೀಕ್ಷೆಯು ಜೂನ್ ೧೨, ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ ಹೊಸ ಹುಟ್ಟುಗಾರರೊಂದಿಗೆ ಮುಂದುವರಿಯುವುದು.

ಮೇಲ್ವಿಚಾರಕ

*

ಜೂನ್ ೨

ಅಪ್ಪ,

ನಿನ್ನ ಉತ್ತರ ಬಂದಿಲ್ಲ. ಹೊಳಪಪ್ಪನ ಪತ್ರವನ್ನು ಇದರ ಜೊತೆ ಇಟ್ಟಿದ್ದೇನೆ.

ಅವನನ್ನು ಕೇಳಿದೆ, "ಬಳ್ಳಿ ಇಲ್ಲದೆ ಉದ್ದಣ್ಣ ಸಾಯೋ ಹಾಗಾಗಿದ್ನಲ್ಲ, ಅದಕ್ಕೇನು ಕಾರಣ ಸರ್?" ಅವನು ದೋಣಿ ಸವರುತ್ತಲೇ ಹೇಳಿದ, "ಅದು ಸಮುದ್ರ. ಇದು ನಿಮ್ಮಪ್ಪ." ಆಮೇಲೆ ಮೆಲ್ಲಗೆ, ಮಗಳಿಗೆ ಬುದ್ಧಿ ಹೇಳುವ ಹಾಗೆ: "ಸಹಿ ಹಾಕಮ್ಮ. ಇಲ್ಲ ಅಂದ್ರೆ ಪೊಲೀಸು, ಕೇಸು, ಈ ವಯಸ್ಸಲ್ಲಿ ಅವರಿಗ್ಯಾಕೆ?"

ಹೊಸಬರು ನಾಲ್ಕು ಜನ ಬಂದಿದ್ದಾರೆ. ನಿನ್ನೆ ಇಳಿಜಾರಿನ ಮೇಲೆ ಕೂತು ಸೀಟಿ ಊದಿ ಊದಿ ನಗುತ್ತಿದ್ದರು. ಒಬ್ಬಳಿಗೆ ಸರಿಯಾಗಿ ಹತ್ತುವುದೂ ಬರುವುದಿಲ್ಲ. ಗಾಳಿಗೆ ಈಗ ತುಂಬು ಪ್ರಾಯ. ಆ ಗುರುವಾರ ಅವರು ಹೋದರೆ ಹೋದಷ್ಟೇ ಜನ ವಾಪಸು ಬರುವುದಿಲ್ಲ ಅಪ್ಪ. ಇದು ನನಗೆ ಗಣಿತದ ಹಾಗೆ ಕಾಣುತ್ತದೆ. ಕಣ್ಣು ಮುಚ್ಚಿದರೆ ಟೀಚರಿನ ತಲೆ ನನ್ನ ಕೈಯಿಂದ ಜಾರುತ್ತದೆ, ಪ್ರತಿ ಸಲವೂ ಮುಖ ಬೇರೆ.

ಸಹಿ ಹಾಕಿದರೆ ನಿನ್ನನ್ನು ಒಪ್ಪಿಸಿದ ಹಾಗೆ, ಕಾಲುಬಳ್ಳಿಯನ್ನೇ ಕೊಂದ ಹಾಗೆ. ಹಾಕದಿದ್ದರೆ ನನ್ನನ್ನು ಗೇಟಿನ ಹೊರಗೆ ನಿಲ್ಲಿಸುತ್ತಾರೆ. ಹೊರಗೆ ನಿಂತವಳ ಮಾತನ್ನು ಆ ನಾಲ್ವರು ಕೇಳುತ್ತಾರೆಯೇ? ಸಮುದ್ರದಲ್ಲಿ ಇಷ್ಟು ಹೆದರಿರಲಿಲ್ಲ.

ನೀನು ಸಿಟ್ಟಾಗಿದ್ದೀಯಾ, ಇಲ್ಲ ಮಲಗಿಬಿಟ್ಟಿದ್ದೀಯಾ?

ಮಗಳು

*

ಜೂನ್ ೭

ಮಗಳೇ,

ಸಿಟ್ಟಿಲ್ಲ. ಮಲಗಿಯೂ ಇಲ್ಲ. ನಿನ್ನ ದೊಡ್ಡ ಪತ್ರ ಓದಿದ ಮೇಲೆ ಬರೆಯಲು ಕೈ ಏಳಲಿಲ್ಲ.

ಒಂದು ದಿನ ನಾನು ಮಾಡಿದ ಬಳ್ಳಿಯಂಥದ್ದೇ ಇನ್ನೊಂದು ಹೊಲಿದು ನನ್ನ ಕಾಲಿಗೆ ಕಟ್ಟಿಕೊಂಡೆ. ಇನ್ನೊಂದು ತುದಿಯನ್ನು ಟೈರು ಸಾಗಿಸುವ ಗಾಡಿಗೆ ಕಟ್ಟಿದೆ. ಬಸ್ಸು ತೊಳೆಯುವ ಇಳಿಜಾರಿನಲ್ಲಿ ಗಾಡಿಯನ್ನು ತಳ್ಳು ಅಂದೆ. ಟೈರಿನವನು "ನಿಂಗೆ ತಲೆ ಕೆಟ್ಟಿದೆ" ಅಂದ. ತಳ್ಳಯ್ಯಾ ಅಂದೆ. ತಳ್ಳಿದ.

ನೀರಿರಲಿಲ್ಲ, ಅಲೆಯಿರಲಿಲ್ಲ, ಬಾಯಿ ಮೂಗು ಹೊರಗೇ ಇದ್ದವು. ಬಕಲ್ ಮಾಡಿದವನು ನಾನೇ. ಆದರೂ ನನ್ನ ಬೆರಳಿಗೆ ಅದು ಬಿಚ್ಚಲಿಲ್ಲ. ಮೊಣಕೈ ಕಿತ್ತುಹೋಯಿತು. ಕೂಗಿದೆ ಅಂತ ಟೈರಿನವನು ಹೇಳುತ್ತಾನೆ, ನನಗೆ ಕೇಳಲಿಲ್ಲ. ಗಾಡಿ ಗೋಡೆಗೆ ತಾಗಿ ನಿಂತಿತು. ಅಲ್ಲಿ ಬಿದ್ದುಕೊಂಡು ಯೋಚಿಸಿದೆ, ಸಮುದ್ರದಲ್ಲಿ ಗೋಡೆ ಇಲ್ಲ.

ನನ್ನ ತಪ್ಪು ನನಗೆ ಗೊತ್ತಾಯಿತು. ಬೀಳುವ ಸೀಟನ್ನು ಹಿಡಿಯುವುದು ನನ್ನ ಕಸುಬು. ಬಿಡಬೇಕಾದ ಗಳಿಗೆಯೊಂದು ಇರುತ್ತದೆ ಅಂತ ನನ್ನ ಕಸುಬು ನನಗೆ ಕಲಿಸಿರಲಿಲ್ಲ. ಕೇಳಿ ಕಲಿಯಬಹುದಿತ್ತು. ಬಿಚ್ಚುವುದು ಕಷ್ಟ ಅಂತ ನೀನು ಬರೆದಾಗ ನಾನು ಮೀಸೆ ತಿರುವಿದೆ. ಟೀಚರಿನ ಕೆಮ್ಮಿನಲ್ಲಿ ನನ್ನ ಪಾಲಿದೆ. ಅದನ್ನು ಯಾರೂ ಕಡಿಮೆ ಮಾಡಿ ಹೇಳುವುದು ಬೇಡ, ನೀನೂ ಸಹ.

ಆದರೆ 'ಏಕೈಕ ಕಾರಣ' ಅನ್ನುವ ಆ ಮಾತಿದೆಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಬಸ್ ಸೀಟು ಹೊಲಿಯುವವನೊಬ್ಬ, ಸಮುದ್ರ ಮುಟ್ಟದವನು, ಎಲ್ಲೋ ಕೂತು ಸಮುದ್ರಕ್ಕೆ ಬಳ್ಳಿ ಹೊಲಿಯಬೇಕಾಗಿ ಬಂದದ್ದು ಯಾಕೆ? ಅಂಗಡಿಯಲ್ಲಿ ಸಿಗುವುದನ್ನು, ಕೊಡುತ್ತೇವೆ ಅಂದದ್ದನ್ನು ಕೊಟ್ಟಿದ್ದರೆ ನನ್ನ ಸೂಜಿಗೆ ಅಲ್ಲೇನು ಕೆಲಸ? ಜಾಕೆಟ್ ಇದ್ದಿದ್ದರೆ ಅವಳ ತಲೆಯನ್ನು ನೀನು ಎತ್ತಿ ಹಿಡಿಯಬೇಕಿತ್ತೇ? ಕೊಲ್ಲುವುದಕ್ಕೆ ಹೊಳಪು ಸಾಕು, ಕೇಸು ಮಾತ್ರ ಬಳ್ಳಿಯ ಮೇಲೆ. ನನ್ನ ತಪ್ಪನ್ನು ಕಂಬಳಿಯ ಹಾಗೆ ಹೊದ್ದು ಅವರು ಮಲಗಲು ನಾನು ಬಿಡುವುದಿಲ್ಲ.

ಸಹಿ ಹಾಕಬೇಡ. ಹೇಳಿಕೆಯನ್ನು ನಾನೇ ಕೊಡುತ್ತೇನೆ. ಈ ಬಳ್ಳಿ ನಾನು ಹೊಲಿದದ್ದು, ತಪ್ಪಾಗಿ ಹೊಲಿದದ್ದು, ಯಾಕೆ ಹೊಲಿದೆ ಅನ್ನುವುದು ಇದು, ಅಂತ ನನ್ನ ಬಾಯಿಂದ ಎಲ್ಲರ ಎದುರು. ಪೊಲೀಸು ಬರಲಿ. ನನಗೆ ಕಿವಿ ಕೇಳುವುದಿಲ್ಲ, ಅವರು ಗಟ್ಟಿಯಾಗಿ ಕೇಳಬೇಕಾಗುತ್ತದೆ. ಗಟ್ಟಿಯಾಗಿ ಕೇಳಿದರೆ ಆ ನಾಲ್ಕು ಜನಕ್ಕೂ ಕೇಳಿಸುತ್ತದೆ.

ಹೆದರಿಕೆ ಇಲ್ಲ ಅಂದರೆ ಸುಳ್ಳಾಗುತ್ತದೆ. ನಿಮ್ಮ ಇಳಿಜಾರು ಎಷ್ಟು ಕಡಿದು, ನೀರು ಎಲ್ಲಿಯವರೆಗೆ ಬರುತ್ತದೆ, ಏನೂ ಗೊತ್ತಿಲ್ಲ. ನನ್ನ ಕೈ ಹಿಡಿದುಕೊಳ್ಳಲು ಟೈರಿನವನು ಬರುತ್ತಿದ್ದಾನೆ. ಡಿಪೋದಿಂ‌ದ ಇನ್ನೂ ಕೆಲವರು ರಜೆ ಕೇಳಿದ್ದಾರೆ, ಎಷ್ಟು ಜನಕ್ಕೆ ಸಿಗುತ್ತದೋ ನೋಡಬೇಕು. ಉದ್ದಣ್ಣನಿಗೆ ಹೇಳು, ಆ ಕಾವಲುಗಾರನಿಗೂ ಹೇಳು. ಟೀಚರಿಗೆ ಈ ಪತ್ರ ಓದಿ ಹೇಳು, ಅವಳು ಬೇಡ ಅಂದರೆ ಅವಳ ಹೆಸರೆತ್ತುವುದಿಲ್ಲ. ಹೊಸಬರಿಗೆ ನೀನೇ ಹೋಗಿ ಹೇಳಬೇಕು, ಬಾಯಿ ಬಿಟ್ಟು, ನಿನ್ನ ಕಾಲು ತೋರಿಸಿ. ಹೊಳಪಪ್ಪನಿಗೆ ನಾನೇ ಬರೆದಿದ್ದೇನೆ.

ನಾವೆಲ್ಲ ಇಳಿಜಾರಿನ ಮೇಲೆ ಅಡ್ಡ ನಿಲ್ಲೋಣ. ದೋಣಿ ನಮ್ಮನ್ನು ದಾಟಿ ನೀರಿಗೆ ಹೋಗಬೇಕು.

ಅಪ್ಪ

ಜೂನ್ ೧೨, ಗುರುವಾರ. ಬೆಳಿಗ್ಗೆ ಏಳು ಗಂಟೆ, ಅವರಿಗಿಂತ ಒಂದು ಗಂಟೆ ಮೊದಲು.